ಚನ್ನಬಸಪ್ಪ ಮಂಚ ತಿರುಗಿಸಿದ್ದು

ವಿಜಯವಾಡದ ಆಟೋನಗರದಲ್ಲಿ ಚನ್ನಬಸಪ್ಪನ ಶೆಡ್ಡಿನಿಂದ ಹೊರಡುವ ಯಾವ ಬಸ್ಸೂ, ಅವನು ಡ್ರೈವರ್ ಸೀಟಿನಲ್ಲಿ ಒಮ್ಮೆ ಕೂತು ಏಳದೆ ರಸ್ತೆಗೆ ಇಳಿದದ್ದಿಲ್ಲ. ಅವನಿಗೆ ಬಸ್ಸು ಓಡಿಸಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಹತ್ತೊಂಬತ್ತನೇ ವಯಸ್ಸಿನಲ್ಲಿ ರಾಣೆಬೆನ್ನೂರಿನಿಂದ ಬಡಗಿ ಕೆಲಸ ಹುಡುಕಿಕೊಂಡು ಬಂದವನು, ಲಾರಿಗಳಿಗೆ ಹಲಗೆ ಜೋಡಿಸುತ್ತ ಜೋಡಿಸುತ್ತ ಬಸ್ಸಿನ ಬಾಡಿ ಕಟ್ಟುವ ಮೇಸ್ತ್ರಿಯಾಗಿದ್ದ. ಬಣ್ಣ ಒಣಗಿದ ಮೇಲೆ ಚಪ್ಪಲಿ ಬಿಟ್ಟು ಹತ್ತಿ, ಸ್ಟೀರಿಂಗ್ ಹಿಡಿದು, ಎಡಕ್ಕೆ, ಬಲಕ್ಕೆ, ಕನ್ನಡಿಗೆ ಕಣ್ಣು ಹಾಯಿಸುವನು. ಎಲ್ಲಾದರೂ ಒಂದು ಕಂಬ ಅಡ್ಡ ಬಂತೋ, ಮುಗಿಯಿತು. ಮಾಲೀಕ ತೆಂಗಿನಕಾಯಿ ಹಿಡಿದು ಕಾಯುತ್ತಿದ್ದರೂ ಸರಿ, ಆ ಕಂಬ ಕೀಳಲೇಬೇಕು. "ನೋಡಾಂವ ಇಲ್ಲಿ ಕುಂಡ್ರತಾನ. ನೀವು ಹೊರಗ ನಿಂತು ಚಂದ ಐತಿ ಅಂದ್ರ ಆತೇನು?" ಎಂದು ತೆಲುಗು ಕೆಲಸಗಾರರನ್ನು ಕನ್ನಡದಲ್ಲೇ ಬೈಯುವನು. ಮೂವತ್ತು ವರ್ಷ ಆ ಊರಲ್ಲಿದ್ದರೂ ಸಿಟ್ಟು ಬಂದಾಗ ಅವನಿಗೆ ತೆಲುಗು ಬಾಯಿಗೆ ಬರುತ್ತಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತೊಂದರ ಫೆಬ್ರವರಿಯಲ್ಲಿ ಪಕ್ಕದ ಅಂಗಡಿಗೆ ಅವನ ಹೆಸರಿನಲ್ಲಿ ಫೋನ್ ಬಂತು. ವಿಶಾಖಪಟ್ಟಣದ ಗಾಜುವಾಕದಲ್ಲಿದ್ದ ಅಕ್ಕ ಇಂದಿರಮ್ಮನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿವೆ, ನರ್ಸಿಂಗ್ ಹೋಮಿಗೆ ಸೇರಿಸಿ ನಾಲ್ಕು ದಿನವಾಯಿತು ಎಂದು ಅವಳ ಮಗ ಸೂರ್ಯಪ್ರಕಾಶ ಹೇಳಿದ. ಚನ್ನಬಸಪ್ಪ ಮೈಗೆ ಅಂಟಿದ ಮರದ ಹೊಟ್ಟನ್ನೂ ಕೊಡವದೆ ಸ್ಟೇಷನ್ನಿಗೆ ಓಡಿದ.

ರೈಲಿನಲ್ಲಿ ಕೂತ ಮೇಲೆ ಹಳೆಯದೆಲ್ಲ ನೆನಪಾಯಿತು. ಅಕ್ಕನ ಮುಖ ನೋಡಿ ಮೂರು ವರ್ಷವಾಗಿತ್ತು. ಅವಳು ತನ್ನ ಮಗನಿಗೆ ಅವನ ಮಗಳನ್ನು ಕೇಳಿದ್ದಳು. ಕೇಳುವ ಹಕ್ಕೂ ಅವಳಿಗಿತ್ತು. ಮಗಳು ಮಾತ್ರ ಗನ್ನವರಂ ಕಡೆಯ ಒಬ್ಬ ಲೆಕ್ಕದ ಮೇಷ್ಟ್ರನ್ನೇ ಮದುವೆಯಾಗುವೆನೆಂದು ಹಟ ಹಿಡಿದಳು, ಚನ್ನಬಸಪ್ಪ ಮಗಳ ಮಾತು ನಡೆಸಿಕೊಟ್ಟ. ಅಕ್ಕ ಮದುವೆಗೂ ಬರಲಿಲ್ಲ, ಆಮೇಲೆ ಕಾಗದವನ್ನೂ ಹಾಕಲಿಲ್ಲ. ಇಲ್ಲದ ತಾಯಿಯ ಜಾಗದಲ್ಲಿ ನಿಂತು ಅವನನ್ನು ಸಾಕಿದವಳು ಆಕೆ. ಇವನೂ ಬಿಗುಮಾನ ಹಿಡಿದು ಕೂತಿದ್ದ. ಈಗ ಕಿಟಕಿಯ ಸರಳು ಹಿಡಿದುಕೊಂಡು, ನಾನು ಹೋಗುವತನಕ ಇರು ಅಕ್ಕಾ, ನಿನ್ನ ಕಾಲು ಹಿಡಿಯುತ್ತೇನೆ ಎಂದು ಮನಸ್ಸಿನಲ್ಲೇ ಹಲುಬಿದ.

ನರ್ಸಿಂಗ್ ಹೋಮಿನ ಮೇಲಂತಸ್ತಿನ ಆ ಕೋಣೆಯನ್ನು ಯಾವ ಪುಣ್ಯಾತ್ಮ ಕಟ್ಟಿಸಿದನೋ. ಬಾಗಿಲು ತೆರೆದರೆ ಸ್ಟೂಲಿಗೆ ಬಡಿಯುತ್ತದೆ. ಸ್ಟೂಲು ಸರಿಸಿದರೆ ಅಲ್ಮೇರಾಕ್ಕೆ. ಬಂದವರು ಓಡಾಡಲಿ ಎಂದು ಕಬ್ಬಿಣದ ಮಂಚವನ್ನು ಆಚೆ ಗೋಡೆಗೆ ಒತ್ತಿ ಇಟ್ಟಿದ್ದರು. ಒಂದೇ ಕಿಟಕಿ, ಅದೂ ಮಲಗಿದವರ ತಲೆಯ ಹಿಂದೆ. ಅಕ್ಕ ಬಲಗಡೆಯ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಅಕ್ಕಾ, ನಾ ಬಂದೀನಿ, ಚನ್ನಬಸು."

ಅವಳು ತಿರುಗಲಿಲ್ಲ. ಅವನು ಮಂಚದ ಪಕ್ಕ ನಿಂತು ಮತ್ತೆ ಕರೆದ. ಬಗ್ಗಿ ಕಾಲು ಹಿಡಿದ, ಎಡಗಾಲು. ಅದು ತಣ್ಣಗೆ ಬಿದ್ದಿತ್ತು. ಅವಳ ಕಣ್ಣು ಗೋಡೆಯ ಮೇಲೆಯೇ ನೆಟ್ಟಿತ್ತು. ಚನ್ನಬಸಪ್ಪನಿಗೆ ಅಳು ಒತ್ತರಿಸಿಕೊಂಡು ಬಂತು.

ಸೂರ್ಯಪ್ರಕಾಶ ಅವನನ್ನು ಹೊರಗೆ ಕರೆದುಕೊಂಡು ಹೋದ. "ಎಲ್ಲರಿಗೂ ಇದೇ ಮಾವಯ್ಯಾ. ನನ್ನ ಮುಖಾನೂ ನೋಡಲ್ಲ. ಗಂಜಿ ಹಿಡಿದ್ರೆ ಬಾಯಿ ಬಿಗೀತಾಳಂಡಿ. ನುಂಗೋಕೆ ಆಗತ್ತೆ ಅಂತಾರೆ ಡಾಕ್ಟರ್, ಅಮ್ಮನೇ ಬೇಡ ಅಂತಿದ್ದಾಳೆ. ನಮ್ಮ ಮೇಲೆ ಬೇಸರ ಆಗಿ ಜೀವ ಬಿಡಬೇಕು ಅಂತ ಕೂತಿದ್ದಾಳೆ. ನಾಳೆ ಮನೆಗೆ ಕರಕೊಂಡು ಹೋಗ್ತೀನಿ. ಮನೇಲೇ ಹೋಗಲಿ."

ನೆಂಟರೆಲ್ಲ ಹಾಗೇ ತೀರ್ಮಾನಿಸಿಬಿಟ್ಟಿದ್ದರು. ಆ ಮನೆತನದಲ್ಲಿ ಸಿಟ್ಟು ಬಂದವರು ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗುವುದು ತಲೆಮಾರುಗಳಿಂದ ಬಂದ ಪದ್ಧತಿ. ಇಂದಿರಮ್ಮ ಅದರಲ್ಲಿ ಎತ್ತಿದ ಕೈ. ಅದಕ್ಕೇ ಬಂದವರೆಲ್ಲ ಮಂಚದ ಈಚೆ ಅರೆಗಳಿಗೆ ನಿಂತು, ಯಾವ ತಪ್ಪಿಗೋ ಕ್ಷಮೆ ಕೇಳಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಯಾರಿಗೂ ಬೇರೆ ಯೋಚನೆ ಬರಲಿಲ್ಲ.

ಚನ್ನಬಸಪ್ಪ ಒಳಗೆ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದ. ಕೈಗೆ ಕೆಲಸವಿಲ್ಲದೆ ಕೂತು ಅವನಿಗೆ ಅಭ್ಯಾಸವಿಲ್ಲ. ಕಣ್ಣು ಕೋಣೆಯನ್ನು ಅಳೆಯತೊಡಗಿತು: ಉದ್ದ ಹತ್ತಡಿ, ಅಗಲ ಎಂಟು, ಬಾಗಿಲು ತಪ್ಪು ಮಗ್ಗುಲಿಗೆ. ಕೊನೆಗೆ, ಶೆಡ್ಡಿನಲ್ಲಿ ಮಾಡುವಂತೆಯೇ, ಎದ್ದು ಅಕ್ಕನ ದಿಂಬಿನ ಪಕ್ಕ ಮೊಣಕಾಲೂರಿ, ದಿಂಬಿನ ಅಂಚಿಗೆ ಕೆನ್ನೆ ಹಚ್ಚಿದ. ಇಲ್ಲಿಂದ ಏನು ಕಾಣುತ್ತದೆ? ಗೋಡೆ. ಸುಣ್ಣ ಎದ್ದ ಗೋಡೆ, ಅದರಲ್ಲೊಂದು ಮೊಳೆ. ಅಷ್ಟೆ.

ಅವನಿಗೆ ರೇಗಿಹೋಯಿತು. ನಾಲ್ಕು ದಿನದಿಂದ ಒಂದು ಮೊಳೆ ನೋಡಿಕೊಂಡು ಬಿದ್ದಿದ್ದಾಳೆ! ಸಿಟ್ಟೇ ಇರಲಿ, ಸಿಟ್ಟು ಮಾಡಿಕೊಂಡವರಿಗೆ ನೋಡಲು ಏನಾದರೂ ಬೇಡವೇ? ಮಂಚದ ಕಾಲು ಹಿಡಿದು ಒಂದೂವರೆ ಅಡಿ ಈಚೆಗೆ ಎಳೆದ. ಆ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ತೂರಿ, ಗೋಡೆಗೆ ಬೆನ್ನು ಕೊಟ್ಟು ನಿಂತು, ಅಕ್ಕನ ಮುಖವನ್ನು ಮೊದಲ ಸಲ ಎದುರಿನಿಂದ ನೋಡಿದ.

ಇಂದಿರಮ್ಮನ ಕಣ್ಣು ಅರಳಿತು.

"ಚನ್ನ್ಯಾ," ಎಂದಳು. ನಾಲಿಗೆ ತೊದಲುತ್ತಿತ್ತು. "ಯಾವಾಗ ಬಂದ್ಯೋ? ನಾಕ್ ದಿನಾ ಆತು... ಒಬ್ರೂ ಬರ್ಲಿಲ್ಲ. ನನ್ನ ಮಗಾನೂ ಬರ್ಲಿಲ್ಲ. ಎಲ್ಲೋ ಮಾತು ಕೇಳಸ್ತಾವು... ಯಾರೂ ಕಾಣಂಗಿಲ್ಲ."

ಚನ್ನಬಸಪ್ಪ ಇನ್ನಷ್ಟು ಬಗ್ಗಿದ. ಅವಳ ಎಡಗಡೆ ಕೈಬೆರಳು ಆಡಿಸಿದ. ಕಣ್ಣು ಅಲುಗಲಿಲ್ಲ. ಬೆರಳನ್ನು ಬಲಕ್ಕೆ ತಂದ. ಕಣ್ಣು ಥಟ್ಟನೆ ಹಿಡಿಯಿತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಅಯ್ಯೋ ದೇವರೇ! ಅವಳ ಪಾಲಿಗೆ ಎಡಗಡೆಯ ಜಗತ್ತೇ ಇರಲಿಲ್ಲ, ಇವರೆಲ್ಲ ನಾಲ್ಕು ದಿನ ಎಡಗಡೆ ನಿಂತು ಅತ್ತಿದ್ದರು! ಚಮಚ ಎಲ್ಲಿಂದಲೋ ಬಂದು ತುಟಿಗೆ ತಾಕಿದರೆ ಬಾಯಿ ಬಿಗಿಯದೆ ಇನ್ನೇನು ಮಾಡುತ್ತಾಳೆ?

"ಸೂರ್ಯಾ! ಲೇ ಸೂರ್ಯಾ! ಓಡಿ ಬಾರೋ!" ಅವನ ಕೂಗಿಗೆ ಪಕ್ಕದ ಕೋಣೆಯವರೂ ಓಡಿಬಂದರು. "ಆಕಿಗೆ ಸಿಟ್ಟಿಲ್ಲೋ! ನಾವು ಆಕಿಗೆ ಕಾಣಾಂಗಿಲ್ಲ! ಹಿಡಿ ಮಂಚಾ, ತಿರುಗಸೋಣು. ತಲಿ ಆ ಕಡೆ, ಕಾಲು ಈ ಕಡೆ!"

ನರ್ಸ್ ಗಂಗಾಭವಾನಿ ಬಾಗಿಲಿಗೆ ಅಡ್ಡ ನಿಂತಳು. ಮಂಚ ಮುಟ್ಟುವ ಹಾಗಿಲ್ಲ, ದೀಪ ಇತ್ತ ಇದೆ, ನರ್ಸನ್ನು ಕರೆಯುವ ಬೆಲ್ಲೂ ಇತ್ತ ಇದೆ, ತಲೆ ಅತ್ತ ಹೋದರೆ ಪೇಷಂಟಿನ ಕೈಗೆ ಎಟುಕುವುದಿಲ್ಲ ಎಂದು ತೆಲುಗಿನಲ್ಲಿ ಜೋರು ಮಾಡಿದಳು. ಚನ್ನಬಸಪ್ಪ ಕನ್ನಡದಲ್ಲೇ ಉತ್ತರಿಸಿದ: "ನಮ್ಮ ಬಸ್ಸಿನಾಗ ಕಂಡಕ್ಟರ್ ಹಗ್ಗಾ ಎಳದ ಗಂಟಿ ಬಾರಸ್ತಾನವ್ವಾ! ನಾನೂ ಹಗ್ಗಾ ಕಟ್ಟಿ ಗಂಟಿ ತೂಗ ಹಾಕ್ತೀನಿ!" ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಆ ಮನುಷ್ಯನ ಮುಖದಲ್ಲಿ ನಗುವೂ ಕಣ್ಣೀರೂ ಒಟ್ಟಿಗೆ ಹರಿಯುವುದನ್ನು ನೋಡಿ ಡಾಕ್ಟರನ್ನು ಕರೆಯಲು ಓಡಿದಳು.

ಡಾಕ್ಟರ್ ರಾಮಮೋಹನ್ ಬಂದು ಪೆನ್ನು ಹಿಡಿದು ಎಡಕ್ಕೂ ಬಲಕ್ಕೂ ಆಡಿಸಿ ನೋಡಿದರು. ಕೈಕಾಲಿನದನ್ನೇ ನೋಡುತ್ತ ಕೂತೆ, ಇದನ್ನು ನಾನೇ ಕಂಡುಹಿಡಿಯಬೇಕಿತ್ತು, ಮೆದುಳಿಗೆ ಪೆಟ್ಟಾದರೆ ಹೀಗೂ ಆಗುತ್ತದೆ ಎಂದು ಒಪ್ಪಿಕೊಂಡರು. ಆಮೇಲೆ ತಾವೇ ತೋಳು ಮಡಚಿ ಮಂಚದ ಒಂದು ಮೂಲೆ ಹಿಡಿದರು. ಅಲ್ಮೇರಾ ಹೊರಗೆ ಹೋಯಿತು, ಸ್ಟೂಲು ಮೂಲೆ ಸೇರಿತು, ಮಂಚ ಕಿರ್ರೆನ್ನುತ್ತ ಸರಿಯಾಗಿ ಅರ್ಧ ಸುತ್ತು ತಿರುಗಿತು. ಈಗ ಗೋಡೆ ಅಕ್ಕನ ಎಡಕ್ಕೆ. ಬಲಕ್ಕೆ ಬಾಗಿಲು, ಕಾಲಿನ ಕಡೆ ಕಿಟಕಿ, ಅದರ ತುಂಬ ಬೆಳಕು.

ಸೂರ್ಯಪ್ರಕಾಶ ಬಾಗಿಲಲ್ಲಿ ನಿಂತಿದ್ದ, ಒಳಗೆ ಬರಲು ಹೆದರುತ್ತ. ಇಂದಿರಮ್ಮ ಅವನನ್ನು ನೋಡಿದಳು. ಬಲಗೈ ಎತ್ತಿ ಬಾ ಎಂದಳು. ಮೂವತ್ತರ ಗಂಡಸು ಬಿಕ್ಕಳಿಸಿ ಅಳುತ್ತ ಹೋಗಿ ಆ ಕೈಯನ್ನು ಹಣೆಗೆ ಒತ್ತಿಕೊಂಡ. ಮನೆಗೆ ಕರೆದೊಯ್ಯುವ ಮಾತು ಅಲ್ಲಿಗೆ ಮುಗಿಯಿತು. ಡಾಕ್ಟರು ತಲೆದಿಂಬು ಎತ್ತರಿಸಿ, ಸ್ವಲ್ಪ ಸ್ವಲ್ಪವೇ ಕೊಡಿ ಎಂದರು. ಚನ್ನಬಸಪ್ಪ ಬಲಗಡೆ ಕೂತು, ಚಮಚವನ್ನು ಅವಳಿಗೆ ಕಾಣುವಂತೆ ಹಿಡಿದು ಗಂಜಿ ಕುಡಿಸಿದ. ಅವಳು ಬಾಯಿ ತೆರೆದಳು. ಒಂದು, ಎರಡು, ಐದು ಚಮಚ. ಇಷ್ಟು ಸಂತೋಷ ಅವನಿಗೆ ಮೊದಲ ಬಸ್ಸು ಹೊರಟ ದಿನವೂ ಆಗಿರಲಿಲ್ಲ.

"ಅಕ್ಕಾ," ಎಂದ, ಧೈರ್ಯ ತಂದುಕೊಂಡು, "ಹಂಗಾರ ನಿನಗ ನನ್ನ ಮ್ಯಾಲೆ ಸಿಟ್ಟಿಲ್ಲ, ಹೌದಿಲ್ಲೋ?"

ಇಂದಿರಮ್ಮ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದಳು.

"ಸಿಟ್ಟು ಭಾಳ ಐತಿ," ಎಂದಳು. "ಬೈಯಾಕ ಮೈಯಾಗ ಕಸುವು ಬೇಕಲ್ಲೋ. ಇನ್ನೊಂದ್ ಚಮಚ ಹಾಕು."