ಕೆಂಪು ಕಾಣದ ಊರಿನ ಕೆಂಪು ಮೀನು

ಹೋದ ಭಾನುವಾರ ನಮ್ಮಡುಗೆಮನೇಲಿ ಒಂದು ಮೀನು ನಮ್ಮವ್ವನ್ನ ದುರುಗುಟ್ಕೊಂಡು ನೋಡ್ತು. ಹೆದ್ರಿದ್ದು ಅವ್ವ.

"ಇದೇನ್ಲಾ, ಎಮ್ಮೆ ಕಣ್ಣಿದ್ದಂಗದೆ! ಬಸುರಿ ಎಂಗಸಿಗೆ ಇದ್ನಾ ತಿನ್ಸೋದು? ಮಗೀಗೂ ಇಂಗೇ ಕಣ್ಣು ಬಂದ್ಬುಟ್ರೆ? ಎಸ್ದು ಬಾ ಓಗು!"

ವಿಷ್ಯ ಏನಪ್ಪಾ ಅಂದ್ರೆ, ನಮ್ಮತ್ತಿಗೆ ಉಡುಪಿ ಕಡೆಯವ್ರು. ಅಣ್ಣನ್ನ ಮದ್ವೆಯಾಗಿ ಹೊಳೆನರಸೀಪುರಕ್ಕೆ ಬಂದು ವರ್ಷ ಆಯ್ತು. ಈಗ ಬಸುರಿ. ಊಟಾನೇ ಸೇರ್ತಿಲ್ಲ. ನಮ್ಮ ಕೆರೆ ಮೀನಂತೂ ಮುಟ್ಟಲ್ಲ (ಮಣ್ಣಿನ ವಾಸ್ನೆಯಂತೆ). ಬಾಯ್ಬಿಟ್ಟು ಕೇಳಿದ್ದು ಒಂದೇ, ಸಮುದ್ರದ ಮೀನು. ಸರಿ, ಹಾಸನಕ್ಕೆ ಓಡ್ದೆ. ಶಿರಾಡಿ ಘಾಟಿ ಹತ್ತಿ ಬಂದ ಐಸ್ ಬಾಕ್ಸಲ್ಲಿ ಸಿಕ್ತು ನೋಡಿ! ಕುಂಕುಮದಂಗೆ ಕೆಂಪು, ಮುಖದ ತುಂಬಾ ಕಣ್ಣು. ಡಿಸ್ಕೋ ಮೀನು! (ಹೆಸ್ರು ನಾನಿಟ್ಟಿದ್ದಲ್ಲ, ಕರಾವಳಿಯವ್ರೇ ಹಂಗೆ ಕರೆಯೋದು.)

ಸಮುದ್ರದ ವಿಡಿಯೋ ನೋಡೀ ನೋಡೀ ಅರ್ಧ ಮೀನಾಗಿರೋನು ನಾನು. ಬರ್ತಾ ಬಸ್ಸಲ್ಲಿ ಕಿಟಕಿ ಪಕ್ಕ ಕೂತು, ತಣ್ಣಗಿನ ಚೀಲ ತೊಡೆ ಮೇಲಿಟ್ಕೊಂಡು ಕಣ್ಮುಚ್ದೆ. ಬಸ್ಸು ಹಂಗೇ ಸಮುದ್ರಕ್ಕೆ ಇಳೀತು.

ದಡ ಮುಗಿದ ಕೂಡ್ಲೇ ಪಾತಾಳ ಅನ್ಕೊಂಡಿದ್ದೀರಾ? ಅಲ್ಲ. ನೆಲ ನಮ್ಮ ಗದ್ದೆ ಬಯಲಿನ ಥರ ನಿಧಾನಕ್ಕೆ ಇಳೀತಾ ನೀರೊಳಗೆ ಎಷ್ಟೋ ದೂರ ಹೋಗ್ತದೆ. ಆಮೇಲೆ ಕಡಿದಾದ ಇಳಿಜಾರು. ಆ ಅಂಚಿನ ಕಡೆ, ನೂರು ಮೀಟರ್ ಆಸುಪಾಸಿನ ಆಳದಲ್ಲಿ, ಈ ಮೀನುಗಳ ಹಿಂಡು. ಮೇಲಿನ ಬಿಸ್ಲು ಅಲ್ಲಿಗೆ ಹೋಗೋಷ್ಟ್ರಲ್ಲಿ ಸೋಸೀ ಸೋಸೀ ಬರೀ ನೀಲಿ. ಬೆಳಕೊಳಗಿನ ಕೆಂಪನ್ನ ನೀರು ಮೊದ್ಲೇ ಕುಡ್ದುಬಿಟ್ಟಿರ್ತದೆ. ಅಲ್ಲಿ ಕೆಂಪು ಅಂದ್ರೆ ಕಪ್ಪು!

ಅಂದ್ರೆ, ಇಷ್ಟು ಕೆಂಪಗಿರೋ ಮೀನು ತನ್ನೂರಲ್ಲಿ ಯಾರ ಕಣ್ಣಿಗೂ ಬೀಳಲ್ಲ. ಅದಕ್ಕೆ ತಾನು ಕೆಂಪು ಅಂತಾನೇ ಗೊತ್ತಿರಲ್ವೇನೋ! (ಬೇಕಂದ್ರೆ ಬೆಳ್ಳಿ ಬಣ್ಣಕ್ಕೂ ತಿರುಗ್ತದಂತೆ.) ಮರಿಯಿದ್ದಾಗ ಮೇಲಿನ ನೀರಲ್ಲಿ ತೇಲ್ಕೊಂಡಿದ್ದು, ಬೆಳೀತಾ ಬೆಳೀತಾ ಆ ನೀಲಿ ಮುಸ್ಸಂಜೆಯೊಳಗೆ ಇಳೀತದೆ. ರಾತ್ರಿ ಆದ್ರೆ ಸಿಗಡಿ, ಪುಟಾಣಿ ಏಡಿ, ಸಣ್ಣ ಮೀನಿನ ಬೇಟೆ. ಅದಕ್ಕೇ ಆ ಕಣ್ಣು. ಒಳಗೆ ಕನ್ನಡಿಯಂಥ ಪದ್ರ ಇರ್ತದೆ, ಬೆಕ್ಕಿಗಿದ್ದಂಗೆ. ಸಿಕ್ಕಿದ ಚೂರು ಬೆಳಕನ್ನೂ ಬಿಡಲ್ಲ.

ಇದನ್ನೆಲ್ಲಾ ಅವ್ವಂಗೆ ಒಂದೇ ಉಸ್ರಲ್ಲಿ ಹೇಳ್ದೆ.

"ಕಣ್ಣೊಳಗೆ ಕನ್ನಡಿ ಬೇರೆ ಅದಾ? ಬ್ಯಾಡ್ವೇ ಬ್ಯಾಡ!"

ಸೈನ್ಸ್ ಔಟ್.

ಬಾಗ್ಲಲ್ಲಿ ನಿಂತಿದ್ದ ಅತ್ತಿಗೆ, "ಇರ್ಲಿ ಬಿಡು ಮಾರಾಯ, ಅತ್ತೆಗೆ ಇಷ್ಟ ಇಲ್ಲದಿದ್ರೆ ಬೇಡ" ಅಂದ್ರು. ನೋಟ ಮಾತ್ರ ಮೀನಿನ ತಟ್ಟೆ ಬಿಟ್ಟು ಅಲ್ಲಾಡ್ಲಿಲ್ಲ.

ಅವ್ವ ಒಂದು ಮೀನನ್ನ ಬೆರಳ ತುದೀಲಿ ಮಗುಚಿ ಹಾಕ್ತು. "ಅಷ್ಟ್ ಆಳ, ಅಷ್ಟ್ ಕತ್ಲು. ಭಯ ಆಗಾಕಿಲ್ವೇನ್ಲಾ ಇದ್ಕೆ?"

"ಒಂಟಿಯಾಗಿದ್ರೆ ತಾನೇ ಭಯ? ಗುಂಪಲ್ಲಿರ್ತವೆ ಕಣವ್ವ. ಒಂದು ತಿರುಗಿದ್ರೆ ಎಲ್ಲಾ ತಿರುಗ್ತವೆ. ಗುಂಪು ತಪ್ಪುದ್ರೆ ಕಷ್ಟ."

ಅವ್ವ ಸೊಸೆ ಮುಖ ನೋಡ್ತು. ಆಮೇಲೆ ಮೀನು. ಆಮೇಲೆ ಮತ್ತೆ ಸೊಸೆ.

"ಈಳಿಗೆಮಣೆ ತತ್ತಾ. ತಲೆ ತೆಗ್ದುಬುಡಾನ. ಕಣ್ಣೇ ಇಲ್ದಿದ್ರೆ ಮಗೀಗೆ ಏನಾದಾತು?"

"ಅಯ್ಯೋ ಅತ್ತೆ, ತಲೆಯೇ ರುಚಿ!"

"ನಿಂಗಲ್ಲಮ್ಮ. ತಲೆಗಳೆಲ್ಲಾ ಈ ಪಂಡಿತಂಗೆ. ಇವ್ನಿಗೆ ಇನ್ನೇನ್ ಕಣ್ಣು ದಪ್ಪ ಆದಾತು?"

ಅತ್ತಿಗೆ ನಕ್ರು. ಒರಟು ಚರ್ಮಾನ ಬಾಳೆಹಣ್ಣಿನ ಸಿಪ್ಪೆ ಥರ ಸುಲ್ದು, ತೆಂಗಿನಕಾಯಿ ಅರ್ದು, ಹುಳಿ ಹಿಂಡಿ ಸಾರು ಮಾಡಿದ್ರು. ಮನೆಯೆಲ್ಲಾ ಘಮ ಘಮ. ನಂಗೆ ಮಾತ್ರ ತಟ್ಟೆ ತುಂಬಾ ಕಣ್ಣು!

ನಮ್ಮನೇಲಿ ಸೊಸೆ ಬಡಿಸಿ, ಎಲ್ರೂ ಎದ್ದಮೇಲೆ ಕೂರೋದು ರೂಢಿ. ಅವತ್ತು ಅವ್ವ ಪಕ್ಕದಲ್ಲಿ ಇನ್ನೊಂದು ತಟ್ಟೆ ಹಾಕ್ತು. "ಬಾ, ಜತೇಲೇ ಉಣ್ಣಾನ." ಅತ್ತಿಗೆ ಎರಡ್ನೇ ಸಲ ಅನ್ನ ಹಾಕಿಸ್ಕೊಂಡ್ರು. ಅವ್ವ ಸಾರಿನ ಪಾತ್ರೆ ಹತ್ರಕ್ಕೆ ತಳ್ತು.

ನಿಮ್ಮನೇಲಿ ಎಲ್ಲರದೂ ಆದ್ಮೇಲೆ ಒಬ್ರೇ ಕೂತು ಉಣ್ಣೋರು ಯಾರು?