ಉತ್ತರಕ್ಕೆ ಕಾಯುವ ಲೊರೆಟ್ಟಾ ಟೀಚರ್

ಟೊಲೀಡೊ ಊರಿನ ಲೊರೆಟ್ಟಾ ಟೀಚರ್ ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಚರಿತ್ರೆ ಪಾಠ ಹೇಳಿ, ನಲವತ್ತೇಳನೇ ವಯಸ್ಸಿಗೆ ಹಳೇ ಡಿಗ್ರಿಯ ಬಲದ ಮೇಲೆ ಹದಿನಾಲ್ಕೇ ತಿಂಗಳಲ್ಲಿ ನರ್ಸ್ ಆಗುವ ಕೋರ್ಸಿಗೆ ಸೇರಿದ್ದಾಳೆ. ಮೂಳೆಗಳ ಹೆಸರನ್ನು ಪಾತ್ರೆ ತೊಳೆಯುವಾಗ ಮಾತ್ರವಲ್ಲ, ಚರ್ಚಿನಲ್ಲಿ ಮೊಣಕಾಲೂರಿದಾಗಲೂ ಗೊಣಗುತ್ತಾಳೆ. ಮಾತ್ರೆ ಕೊಡುವ ಮೊದಲು ರೋಗಿಯ ಹೆಸರು, ಹುಟ್ಟಿದ ದಿನ ಕೇಳಬೇಕೆಂಬ ನಿಯಮ ಎಷ್ಟು ತಲೆಗೆ ಹತ್ತಿದೆಯೆಂದರೆ, ಮನೆಯಲ್ಲಿ ಗಂಡ ವರ್ನನ್‌ಗೂ ಅದನ್ನು ಕೇಳದೆ ಕಾಫಿ ಕೊಡುವುದಿಲ್ಲ. "ಮದುವೆಯಾಗಿ ಇಪ್ಪತ್ತು ವರ್ಷ ಆಯ್ತಲ್ಲೇ, ಇನ್ನೂ ಅನುಮಾನಾನಾ?" ಅಂತ ಅವನು. "ಹುಟ್ಟಿದ ದಿನ ಹೇಳು ಮಾರಾಯ, ಕಾಫಿ ಆರುತ್ತೆ," ಅಂತ ಇವಳು. ಅವಳು ತರಬೇತಿಗೆ ಹೋಗುವ ಆಸ್ಪತ್ರೆಯ ವಾರ್ಡಿನಲ್ಲಿ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಗಿದ್ದ ಆರ್ಲೋ ಎಂಬ ಲಾರಿ ಡ್ರೈವರ್ ಇದ್ದ. ಉಳಿದವರೆಲ್ಲ ಅವನ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯಲ್ಲಿನ ಹೆಸರು ಓದಿ ಮಾತ್ರೆ ಕೊಟ್ಟು ಹೋಗುವರು. ಇವಳು ಮಾತ್ರ ಹೆಸರು ಕೇಳಿ, ಹಿಂದಿನ ಬೆಂಚಿನ ಹುಡುಗನ ಉತ್ತರಕ್ಕೆ ಕಾದಂತೆ ಕಾಯುವಳು. "ಹೀಗೆ ಕಾಯ್ತಾ ನಿಂತ್ರೆ ನಿಮ್ಮ ಕೋರ್ಸು ಮುಗಿದ ಹಾಗೇ, ಟೀಚರ್!" ಎಂದು ಮಗಳ ವಯಸ್ಸಿನ ಬೋಧಕಿ ಪ್ರಿಸಿಲ್ಲಾ ದಿನಾ ಕೈಗಡಿಯಾರ ತೋರಿಸಿ ಗದರುವಳು. ಐದನೇ ದಿನ ಅವನ ತುಟಿ ಅದುರಿತು. "ಆ... ಆರ್ಲೋ." ಪ್ರಿಸಿಲ್ಲಾ ಗಡಿಯಾರ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಮೆಲ್ಲಗೆ, "ಹುಟ್ಟಿದ ದಿನಾನೂ ಕೇಳಿ, ಟೀಚರ್," ಅಂದಳು.