ರಾಚಪ್ಪನವರಿಗೆ ಹೂಂಗುಟ್ಟಿದ್ದು

ರಾಚಪ್ಪನವರು ಮಾತಾಡಿ ಮುಗಿಸಿದ ಮೇಲೆ ನಮಗೆ ಕೇಳಿಸಲು ಶುರುವಾಗುತ್ತಿತ್ತು. ಟೀ ತರಿಸುವುದು, ತುಂಡಾದ ಕೇಬಲ್ಲಿನ ವಿಚಾರ, ನನಗೆ ಬೈಗುಳ, ಮೂರೂ ಒಂದೇ ಉಸಿರಿನಲ್ಲಿ. ನಂಜನಗೂಡಿನ ದೂರವಾಣಿ ಫೈಬರ್ ಸ್ಟೇಷನ್ನಿನಲ್ಲಿ ಅವರು ಹಿರಿಯ ಎಂಜಿನಿಯರ್, ನಾನು ಹೊಸಬ.

ನನಗೆ ಕೆಲಸ ಕಲಿಸಿದ್ದು ಅವರೇ. ನೂರಾರು ಕಿಲೋಮೀಟರ್ ಗಾಜಿನ ಎಳೆಯೊಳಗೆ ಓಡಿ ಬರುವ ಬೆಳಕಿನ ಮಿಡಿತಗಳು ದಾರಿಯಲ್ಲಿ ಹರಡಿಕೊಂಡು, ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅದು ಹೇಗೆ ಎಂದು ಕೇಳಿದೆ.

“ತಲಕಾಡ್ಗೆ ನಡ್ಕಂಡು ಒಂಟ ಜನವ ನೋಡಿದ್ದೀಯೇನ್ಲಾ? ಒಟ್ಗೇ ಒಂಟ್ರೂ ಐಕ್ಳು ಮುಂದೋಯ್ತವೆ, ಮುದುಕ್ರು ಇಂದೆ ಉಳೀತಾರೆ, ಇನ್ನೊಂದ್ ಗುಂಪು ಬಂದು ಸೇರ್ಕತ್ತದೆ. ಆದ್ರೆ ಯಾರೂ ಕಳ್ದೋಗಿಲ್ಲ ಕಣ್ಲಾ! ಯಾರು ಎಷ್ಟು ಮುಂದೆ, ಯಾರು ಎಷ್ಟು ಇಂದೆ, ಲೆಕ್ಕ ಆಕು. ಗುಂಪ್ ಗುಂಪಾಗೇ ಸಿಕ್ತಾರೆ.”

ಆ ಲೆಕ್ಕವನ್ನು ತಾನೇ ಹಾಕಿ, ಹರಡಿದ್ದನ್ನು ತಿರುಗಿ ಜೋಡಿಸುವ ಚಿಪ್ ಇರುವ ಕಾರ್ಡು ಬಂದ ದಿನ ಲಿಂಕ್ ಹತ್ತಲೇ ಇಲ್ಲ. ನಾಲ್ಕು ಗುಂಪಾಗಿ ಬಿಡಿಬಿಡಿಯಾಗಿ ಕಾಣಬೇಕಿದ್ದ ಮಿಡಿತಗಳ ಚುಕ್ಕಿಗಳೆಲ್ಲ ಪರದೆಯ ಮೇಲೆ ಕಲಸಿ ಮುದ್ದೆಯಾಗಿದ್ದವು. ಕಾರ್ಡೇ ಕೆಟ್ಟಿದೆ, ವಾಪಸ್ ಕಳಿಸೋಣ ಎಂದೆ. “ದಾರಿ ಎಷ್ಟುದ್ದ ಅಂತ ಅದ್ಕೂ ತಿಳೀಬೇಡ್ವಾ? ಒಸಿ ತಡ್ಕ” ಎಂದವರೇ, ಚಿಪ್ಪು ಎಷ್ಟು ದೂರದವರೆಗಿನ ಲೆಕ್ಕ ಹುಡುಕಬೇಕೆಂಬ ಮಿತಿಯನ್ನು ಹೆಚ್ಚಿಸಿ ಕೈಕಟ್ಟಿ ಕೂತರು. ಸ್ವಲ್ಪ ಹೊತ್ತಿಗೆ ಚುಕ್ಕಿಗಳು ನಾಲ್ಕು ಗುಂಪಾಗಿ ನಿಂತವು, ಲಿಂಕ್ ಹತ್ತಿತು. ಅವತ್ತು ಎಲ್ಲರಿಗೂ ಬಿಸಿ ಬೋಂಡ ತರಿಸಿದರು.

ನಿವೃತ್ತರಾದ ಮರುವರ್ಷ ಲಕ್ವ ಹೊಡೆಯಿತು. ಟಿ. ನರಸೀಪುರದ ಮನೆಗೆ ನೋಡಲು ಹೋದರೆ, ಮಾತಿನ ಮೇಲೆ ಮಾತು ಬಿದ್ದು ಒಂದೂ ಬಿಡಿಯಾಗಿ ಬರುತ್ತಿರಲಿಲ್ಲ. ಅವರ ಹೆಂಡತಿ ಮಹದೇವಮ್ಮನವರಿಗೆ ಮಾತ್ರ ಎಲ್ಲವೂ ತಿಳಿಯುತ್ತಿತ್ತು. ಎದುರಿಗೆ ಕೂತು, ಇನ್ನೊಮ್ಮೆ ಹೇಳಿಸಿ, ಬಿಡಿಸಿಕೊಳ್ಳುತ್ತಿದ್ದರು. ನನಗೆ ಅಷ್ಟು ತಾಳ್ಮೆ ಎಲ್ಲಿತ್ತು? ಕಲಸಿಹೋದದ್ದನ್ನು ಬಿಡಿಸುವುದೇ ನನ್ನ ಸಂಬಳದ ಕೆಲಸ, ಆದರೂ ಗುರುವಿನ ಮುಂದೆ ಕೂತು ಸುಮ್ಮನೆ ಹೂಂಗುಟ್ಟುತ್ತಿದ್ದೆ. ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಕೊನೆಯ ಸಲ ಹೋದಾಗ ಮಹದೇವಮ್ಮ ಒಳಗೆ ಕಾಫಿ ಮಾಡುತ್ತಿದ್ದರು. ರಾಚಪ್ಪನವರು ನನ್ನ ಮಣಿಕಟ್ಟು ಹಿಡಿದು ಏನೋ ಕೇಳಿದರು. ಮತ್ತೊಮ್ಮೆ ಕೇಳಿದರು. ನನಗೆ ಬಸ್ಸಿನ ಚಿಂತೆ. “ಹೂಂ ಸಾರ್, ಆಗಲಿ” ಎಂದೆ. ಅವರ ಮುಖ ಅರಳಿತು. ಖುಷಿಯಾದರಲ್ಲ ಎಂದು ನಾನೂ ನೆಮ್ಮದಿಯಾಗಿ ಬಸ್ಸು ಹತ್ತಿದೆ.

ತಿಂಗಳೊಳಗೆ ಹೋಗಿಬಿಟ್ಟರು. ಮಣ್ಣು ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದಾಗ ಮಹದೇವಮ್ಮ ಪಕ್ಕಕ್ಕೆ ಬಂದರು.

“ಭಾನ್ವಾರ ಬಂದು ನಂಜನಗೂಡ್ ಟೇಷನ್‌ಗೆ ಕರ್ಕಂಡೋಯ್ತೀನಿ ಅಂದಿದ್ಯಂತಲ್ಲಪ್ಪ. ಬೆಳಗ್ಗೇನೆ ಗಡ್ಡ ಮಾಡಿಸ್ಕಂಡು, ಬೂಟಾಕ್ಕಂಡು ಬಾಗ್ಲಲ್ಲಿ ಕೂತವ್ರು ಊಟಕ್ಕೂ ಏಳ್ನಿಲ್ಲ. ಕತ್ಲಾದ್ಮೇಲೆ, ‘ಪಾಪ, ಏನೋ ಕೆಲ್ಸ ಬಂದಿರ್ತದೆ’ ಅಂದ್ರು.”

ಅವರು ಕೇಳಿದ್ದೇನೆಂದೇ ನನಗೆ ತಿಳಿದಿರಲಿಲ್ಲ ಎಂದು ಆಗಲಾದರೂ ಹೇಳಬಹುದಿತ್ತು.

“ಹೌದು ಕಣಮ್ಮ, ಕೆಲ್ಸ ಬಂದ್ಬುಡ್ತು” ಎಂದೆ.